ದುಬಾರಿ ಡಿಸ್ಕ್ ಪ್ಲೇಯರ್ ಕೊಳ್ಳಬೇಕೇ, ಬೇಡವೇ: ನಿರ್ಧರಿಸುವ ಬಗೆ

ನನ್ನ ಮನೆಯ ಡಿಸ್ಕ್ ಪ್ಲೇಯರ್‌ನ ಹಿಂಬದಿಯಲ್ಲಿ ಎರಡು ದಪ್ಪನೆಯ ಎಕ್ಸ್‌ಎಲ್‌ಆರ್ ಸಾಕೆಟ್‌ಗಳಿವೆ, ಅಂದರೆ ಅನಲಾಗ್ ಧ್ವನಿಯನ್ನು ಹೊರಗೆ ಕಳಿಸುವ ಕಿಂಡಿಗಳು. ಕೊಂಡು ಮೂರು ವರ್ಷವಾದ ಮೇಲೆ, ಧೂಳು ಒರೆಸಲೆಂದು ಪೆಟ್ಟಿಗೆಯನ್ನು ಕಪಾಟಿನಿಂದ ಹೊರಗೆಳೆದ ದಿನ, ಕಾರ್ಖಾನೆಯಲ್ಲಿ ಹಾಕಿ ಕಳಿಸಿದ್ದ ಕಪ್ಪು ಪ್ಲಾಸ್ಟಿಕ್ ಟೊಪ್ಪಿಗೆಗಳು ಆ ಸಾಕೆಟ್‌ಗಳ ಮೇಲೆ ಇನ್ನೂ ಹಾಗೆಯೇ ಕುಳಿತಿರುವುದು ಕಣ್ಣಿಗೆ ಬಿತ್ತು. ಆ ಟೊಪ್ಪಿಗೆಗಳ ಹಿಂದಿದ್ದ ಅನಲಾಗ್ ಧ್ವನಿ ವಿಭಾಗವೇ ನಾನು ಕೊಂಡ ಮಾದರಿಗೂ ಅದರ ಕೆಳಗಿನ ಮಾದರಿಗೂ ಇದ್ದ ಮುಖ್ಯ ವ್ಯತ್ಯಾಸ. ಬೆಲೆ ದುಪ್ಪಟ್ಟಾಗಿದ್ದುದೂ ಬಹುಪಾಲು ಅದರ ದೆಸೆಯಿಂದಲೇ. ನಾನಾದರೋ ಚಿತ್ರವನ್ನೂ ಧ್ವನಿಯನ್ನೂ ಒಂದೇ ಎಚ್‌ಡಿಎಂಐ ಕೇಬಲ್‌ನಲ್ಲಿ, ಅಂಕಿಗಳ ರೂಪದಲ್ಲೇ, ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ಗೆ ಕಳಿಸುತ್ತಿದ್ದೆ. ಹಣ ತೆತ್ತು ತಂದ ವಿಭಾಗಕ್ಕೆ ಮೂರು ವರ್ಷಗಳಲ್ಲಿ ಒಂದು ದಿನವೂ ಕೆಲಸ ಕೊಟ್ಟಿರಲಿಲ್ಲ.

ಅಂದಿನಿಂದ ಈ ವಿಷಯದಲ್ಲಿ ಯಾರು ಸಲಹೆ ಕೇಳಿದರೂ, ಯಾವ ಕಂಪನಿಯ ಪ್ಲೇಯರ್ ಒಳ್ಳೆಯದು ಎಂಬ ಮಾತನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆಯ ಹಿಂಬದಿಯ ಯಾವ ಕಿಂಡಿಗೆ ನೀವು ಕೇಬಲ್ ಸಿಕ್ಕಿಸುತ್ತೀರಿ, ಆ ಕೇಬಲ್‌ನ ಇನ್ನೊಂದು ತುದಿಯಲ್ಲಿ ಏನಿದೆ ಎಂದು ಕೇಳುತ್ತೇನೆ. ಪ್ಲೇಯರ್ ನಿಮಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನಿಮ್ಮ ಪರದೆ, ಪರದೆಯಿಂದ ನಿಮ್ಮ ಕುರ್ಚಿಗಿರುವ ದೂರ, ಧ್ವನಿಯ ಉಪಕರಣ ಮತ್ತು ಕಪಾಟಿನಲ್ಲಿರುವ ಡಿಸ್ಕ್‌ಗಳು ಸೇರಿ ತೀರ್ಮಾನಿಸುತ್ತವೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದ ಕೆಲಸವೆಲ್ಲ ಮನೆಯಲ್ಲೇ ಇದೆ.

ಮೊದಲು ಡಿಸ್ಕ್‌ನ ಪ್ರಶ್ನೆ

ಪ್ಲೇಯರ್ ಬೇಕೇ ಎನ್ನುವುದಕ್ಕಿಂತ ಮುಂಚೆ ಡಿಸ್ಕ್ ಬೇಕೇ ಎಂಬುದು ತೀರ್ಮಾನವಾಗಬೇಕು. 1990ರ ದಶಕದ ಕೊನೆಯಲ್ಲಿ ಬಂದ ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಸುತ್ತಿತ್ತು. 2006ರಲ್ಲಿ ಬಂದ ಬ್ಲೂ-ರೇ ಎರಡು ಪದರಗಳಲ್ಲಿ 50 ಗಿಗಾಬೈಟ್ ಹಿಡಿಸಿತು. 2016ರಲ್ಲಿ ಮಾರುಕಟ್ಟೆಗೆ ಬಂದ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಮೂರು ಪದರಗಳಲ್ಲಿ 100 ಗಿಗಾಬೈಟ್‌ವರೆಗೆ ಹಿಡಿಸುತ್ತದೆ. ಇಂದು ದುಬಾರಿ ಪ್ಲೇಯರ್ ಎಂದು ಮಾರಾಟವಾಗುತ್ತಿರುವುದೆಲ್ಲ ಈ ಮೂರನೆಯ ಬಗೆಯ ಡಿಸ್ಕ್‌ಗಾಗಿಯೇ ತಯಾರಾದದ್ದು. ಹಳೆಯ ಎರಡು ಬಗೆಗಳನ್ನೂ ಅದು ಓದುತ್ತದೆ.

ಸ್ಟ್ರೀಮಿಂಗ್ ಸೇವೆಗಳೂ 4ಕೆ ಎಂದೇ ಹೇಳುತ್ತವೆ, ಚಿತ್ರಬಿಂದುಗಳ ಎಣಿಕೆಯಲ್ಲಿ ಅವು ಸುಳ್ಳು ಹೇಳುತ್ತಿಲ್ಲ. ಎರಡರಲ್ಲೂ ಚೌಕಟ್ಟಿಗೆ 3840 ಅಡ್ಡ, 2160 ಉದ್ದ ಬಿಂದುಗಳಿರುತ್ತವೆ. ವ್ಯತ್ಯಾಸವಿರುವುದು ಪ್ರತಿ ಸೆಕೆಂಡಿಗೆ ಹರಿದುಬರುವ ಮಾಹಿತಿಯ ಮೊತ್ತದಲ್ಲಿ. 4ಕೆ ಸ್ಟ್ರೀಮಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ಗಳ ಆಸುಪಾಸಿನಲ್ಲಿ ನಡೆಯುತ್ತದೆ. 100 ಗಿಗಾಬೈಟ್‌ನ ಡಿಸ್ಕ್‌ಗೆ ಗರಿಷ್ಠ ಮಿತಿ 128 ಮೆಗಾಬಿಟ್. ಎರಡು ಗಂಟೆಯ ಚಿತ್ರವೊಂದು ಡಿಸ್ಕ್‌ನಲ್ಲಿ ಸರಾಸರಿ 60 ಮೆಗಾಬಿಟ್‌ನಲ್ಲಿ ಓಡಿದರೆ ಒಟ್ಟು 54 ಗಿಗಾಬೈಟ್ ಆಗುತ್ತದೆ. ಅದೇ ಚಿತ್ರ ಸ್ಟ್ರೀಮಿಂಗ್‌ನಲ್ಲಿ 16 ಮೆಗಾಬಿಟ್‌ನಲ್ಲಿ ಓಡಿದರೆ 14.4 ಗಿಗಾಬೈಟ್. ಉಳಿದ ಸುಮಾರು 40 ಗಿಗಾಬೈಟ್‌ನಷ್ಟು ಮಾಹಿತಿಯನ್ನು ಕಣ್ಣಿಗೆ ತಿಳಿಯದಂತೆ ಬಿಟ್ಟುಬಿಡುವುದೇ ಸಂಕೋಚನ ತಂತ್ರದ ಕೆಲಸ, ಮತ್ತು ಹೆಚ್ಚಿನ ದೃಶ್ಯಗಳಲ್ಲಿ ಅದು ಆ ಕೆಲಸವನ್ನು ಮೆಚ್ಚುವಂತೆಯೇ ಮಾಡುತ್ತದೆ.

ಅದು ಸಿಕ್ಕಿಬೀಳುವುದು ಕತ್ತಲಲ್ಲಿ. ಕೋಣೆಯ ಮೂಲೆಯಲ್ಲಿ ಒಂದು ಲಾಟೀನು, ಅದರ ಬೆಳಕು ಗೋಡೆಯ ಮೇಲೆ ಹರಡಿ ಚಾವಣಿಯ ಕಡೆಗೆ ನಿಧಾನವಾಗಿ ಕತ್ತಲೆಗೆ ಕರಗುವ ದೃಶ್ಯವನ್ನು ನೆನೆಸಿಕೊಳ್ಳಿ. ಸ್ಟ್ರೀಮಿಂಗ್‌ನಲ್ಲಿ ಆ ಕರಗುವಿಕೆ ಹಲವು ಬಾರಿ ಮೆಟ್ಟಿಲು ಮೆಟ್ಟಿಲಾಗಿ, ಭೂಪಟದ ಎತ್ತರದ ಗೆರೆಗಳಂತೆ ಕಾಣುತ್ತದೆ. ಪಾತ್ರ ಸರಿದಾಡಿದಾಗ ಹಿಂದಿನ ಗೋಡೆಯ ತುಂಡುಗಳೂ ಅದರೊಂದಿಗೆ ಸಣ್ಣ ಚೌಕಗಳಾಗಿ ಅಲುಗುತ್ತವೆ. ಅದೇ ದೃಶ್ಯ ಡಿಸ್ಕ್‌ನಲ್ಲಿ ಬಂದಾಗ ಬೆಳಕು ಎಲ್ಲಿ ಮುಗಿಯಿತು, ಕತ್ತಲೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಫಿಲ್ಮ್‌ನಲ್ಲಿ ಚಿತ್ರೀಕರಿಸಿದ್ದಾದರೆ ಗೋಡೆಯ ಮೇಲೆ ಫಿಲ್ಮ್‌ನ ಕಣಗಳು ಸಣ್ಣಗೆ ಜೀವಂತವಾಗಿ ಆಡುತ್ತಿರುವುದೂ ಕಾಣುತ್ತದೆ. ಹೊಗೆ, ಮಂಜು, ಮಳೆ, ಅಲೆಗಳ ನೊರೆ ಇವೂ ಇಂಥವೇ ಪರೀಕ್ಷೆಗಳು.

ಧ್ವನಿಯಲ್ಲಿ ಅಂತರ ಇನ್ನೂ ಹೆಚ್ಚು, ಆದರೆ ಅದನ್ನು ಕೇಳಿಸುವ ಸ್ಪೀಕರ್‌ಗಳಿದ್ದವರಿಗೆ ಮಾತ್ರ. ಸುತ್ತಲಿನಿಂದಲೂ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ ಸ್ಟ್ರೀಮಿಂಗ್‌ನಲ್ಲಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಸಂಕುಚಿತ ರೂಪದಲ್ಲಿ, ಸೆಕೆಂಡಿಗೆ ಹೆಚ್ಚೆಂದರೆ 768 ಕಿಲೋಬಿಟ್. ಡಿಸ್ಕ್‌ನಲ್ಲಿ ಅದೇ ಅಟ್ಮಾಸ್ ಡಾಲ್ಬಿ ಟ್ರೂಎಚ್‌ಡಿ ಎಂಬ ನಷ್ಟರಹಿತ ರೂಪದಲ್ಲಿರುತ್ತದೆ, ಮತ್ತು ಅದರ ಮಿತಿ 18 ಮೆಗಾಬಿಟ್. ಟಿವಿಯ ಒಳಗಿನ ಸ್ಪೀಕರ್‌ಗಳಲ್ಲೇ ಚಿತ್ರ ನೋಡುವವರಿಗೆ ಈ ಅಂಕಿಗಳಿಂದ ಯಾವ ಪ್ರಯೋಜನವೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲ 4ಕೆ ಡಿಸ್ಕ್‌ಗಳೂ ನಿಜವಾಗಿ 4ಕೆ ಮೂಲದವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ವಿಶೇಷವಾಗಿ ಗ್ರಾಫಿಕ್ಸ್ ಹೇರಳವಾಗಿರುವ ಅನೇಕ ಚಿತ್ರಗಳ ಅಂತಿಮ ಪ್ರತಿ 4ಕೆಯ ಕಾಲು ಭಾಗದಷ್ಟೇ ಬಿಂದುಗಳಿರುವ 2ಕೆ ಅಳತೆಯಲ್ಲೇ ಸಿದ್ಧವಾಗಿ, ಬಳಿಕ ಹಿಗ್ಗಿಸಲ್ಪಟ್ಟಿರುತ್ತದೆ. ಇದಕ್ಕೆ ವಿರುದ್ಧವಾಗಿ, ಐವತ್ತು ಅರವತ್ತು ವರ್ಷಗಳ ಹಿಂದಿನ ಚಿತ್ರವೊಂದನ್ನು ಅದರ ಮೂಲ ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿ ತಂದರೆ, ನಿನ್ನೆಯ ಅದ್ದೂರಿ ಚಿತ್ರಕ್ಕಿಂತ ಹೆಚ್ಚು ವಿವರ ಅದರಲ್ಲಿ ಕಾಣಸಿಗಬಹುದು. ಹಾಗಾಗಿ ನೀವು ಯಾವ ಕಾಲದ, ಯಾವ ಬಗೆಯ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತೀರಿ ಎಂಬುದರ ಪಟ್ಟಿಯೊಂದನ್ನು ಬರೆದು, ಅವುಗಳಲ್ಲಿ ಎಷ್ಟು 4ಕೆ ಡಿಸ್ಕ್ ಆಗಿ ಬಂದಿವೆ ಎಂದು ನೋಡಿ. ಪಟ್ಟಿಯಲ್ಲಿ ಹತ್ತು ಹೆಸರೂ ದೊರೆಯದಿದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದು.

ಪಟ್ಟಿ ಉದ್ದವಿದ್ದರೆ ಮುಂದಿನ ಕೆಲಸ ಒಂದು ಸಂಜೆಯದು. 4ಕೆ ಡಿಸ್ಕ್ ಓದುವ ಯಾವುದಾದರೂ ಸಾಧನವನ್ನು ಗೆಳೆಯರಿಂದ ಎರವಲು ತನ್ನಿ, ಅದು ಗೇಮ್ ಕನ್ಸೋಲ್ ಆದರೂ ಸಾಕು. ನಿಮಗೆ ಚೆನ್ನಾಗಿ ಗೊತ್ತಿರುವ ಚಿತ್ರವೊಂದರ ಮೂರು ದೃಶ್ಯಗಳನ್ನು, ಒಂದು ಕತ್ತಲೆಯದು, ಒಂದು ಮಂಜು ಅಥವಾ ಹೊಗೆಯದು, ಒಂದು ವೇಗದ್ದು, ಡಿಸ್ಕ್‌ನಲ್ಲೂ ಸ್ಟ್ರೀಮಿಂಗ್‌ನಲ್ಲೂ ನಿಮ್ಮದೇ ಪರದೆಯಲ್ಲಿ, ನಿಮ್ಮದೇ ಕುರ್ಚಿಯಿಂದ ನೋಡಿ. ಯಾವುದು ಯಾವುದೆಂದು ಹೇಳದೆ ಮನೆಯವರಿಗೂ ತೋರಿಸಿ. ಎಲ್ಲರೂ ತಪ್ಪಾಗಿ ಗುರುತಿಸಿದರೆ ಹಣ ಉಳಿಯಿತು.

ಪರದೆ ಮತ್ತು ಕುರ್ಚಿಯ ನಡುವಿನ ದೂರ

ಸಹಜ ದೃಷ್ಟಿಯ ಕಣ್ಣು ಸುಮಾರು ಒಂದು ಆರ್ಕ್‌ಮಿನಿಟ್‌ನಷ್ಟು, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು, ಅಂತರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. 65 ಅಂಗುಲದ ಟಿವಿಯ ಅಗಲ ಸುಮಾರು 144 ಸೆಂಟಿಮೀಟರ್. ಅದರಲ್ಲಿ ಸಾಧಾರಣ ಬ್ಲೂ-ರೇಯ 1920 ಬಿಂದುಗಳನ್ನು ಹರಡಿದರೆ ಒಂದೊಂದು ಬಿಂದು 0.75 ಮಿಲಿಮೀಟರ್ ಆಗುತ್ತದೆ, ಮತ್ತು ಸುಮಾರು 2.6 ಮೀಟರ್ ದೂರದಿಂದಾಚೆಗೆ ಆ ಬಿಂದುಗಳು ಕಣ್ಣಿಗೆ ಒಂದರಲ್ಲೊಂದು ಬೆರೆತುಹೋಗುತ್ತವೆ. ಬೆರೆತುಹೋದ ಮೇಲೆ 4ಕೆಯ ಹೆಚ್ಚುವರಿ ಬಿಂದುಗಳಿಂದ ಲಾಭವಿಲ್ಲ. 4ಕೆಯ ಪೂರ್ಣ ವಿವರ ಕಾಣಬೇಕಾದರೆ ಅದೇ ಟಿವಿಗೆ ಸುಮಾರು 1.3 ಮೀಟರ್‌ನಷ್ಟು ಹತ್ತಿರ ಕೂರಬೇಕು. ಇವೆರಡರ ನಡುವೆ ಎಲ್ಲಿ ಕೂತರೂ ಲಾಭ ಭಾಗಶಃ. 55 ಅಂಗುಲದ ಟಿವಿಯಾದರೆ ಆ 2.6 ಮೀಟರ್ 2.2ಕ್ಕೆ ಇಳಿಯುತ್ತದೆ. ಗೋಡೆಗೆ ಟಿವಿ, ಎದುರಿನ ಗೋಡೆಗೆ ಸೋಫಾ ಇಟ್ಟ ಮನೆಗಳಲ್ಲಿ ಈ ದೂರ ಮೂರು ಮೀಟರ್ ದಾಟುವುದು ಸಾಮಾನ್ಯ. ಅಳತೆಯ ಟೇಪು ಹಿಡಿದು ಒಮ್ಮೆ ನೋಡಿ. ಅಂದಾಜಿನಲ್ಲಿ ಹೇಳಿದವರೆಲ್ಲರೂ ದೂರವನ್ನು ಕಡಿಮೆಯೇ ಹೇಳಿದ್ದನ್ನು ನಾನು ಕಂಡಿದ್ದೇನೆ.

ದೂರ ಹೆಚ್ಚಿದ್ದರೂ ಉಳಿಯುವ ಲಾಭವೊಂದಿದೆ, ಅದು ಎಚ್‌ಡಿಆರ್, ಅಂದರೆ ಅತಿ ಬೆಳಕು ಮತ್ತು ಅತಿ ಕತ್ತಲೆಯ ನಡುವಿನ ಹರವನ್ನು ಹಿಗ್ಗಿಸಿ ತೋರಿಸುವ ಪದ್ಧತಿ. ಬೆಳಕು ನೆರಳುಗಳ ಹರವು, ಬಣ್ಣದ ಆಳ ಇವು ಕೋಣೆಯ ಆ ತುದಿಯಿಂದಲೂ ಕಾಣುತ್ತವೆ. ಬಣ್ಣದ ಪ್ರತಿ ಘಟಕಕ್ಕೆ ಸಾಧಾರಣ ಬ್ಲೂ-ರೇಯಲ್ಲಿ 256 ಮಟ್ಟಗಳಿದ್ದರೆ 4ಕೆ ಡಿಸ್ಕ್‌ನಲ್ಲಿ 1024 ಮಟ್ಟಗಳಿರುತ್ತವೆ. ಆದರೆ ಎಚ್‌ಡಿಆರ್ ಚೆಲ್ಲಲು ಪರದೆಗೆ ಶಕ್ತಿ ಬೇಕು. ಹೆಸರಿಗೆ ಮಾತ್ರ ಎಚ್‌ಡಿಆರ್ ಎಂದು ಬರೆದುಕೊಂಡಿರುವ, 300 ನಿಟ್ ಪ್ರಕಾಶವನ್ನೂ ಕಷ್ಟಪಟ್ಟು ಮುಟ್ಟುವ ಅಗ್ಗದ ಟಿವಿಗೆ ದುಬಾರಿ ಪ್ಲೇಯರ್ ಜೋಡಿಸುವ ಬದಲು, ಆ ಹಣವನ್ನೂ ಸೇರಿಸಿ ಟಿವಿಯನ್ನೇ ಬದಲಿಸುವುದು ವಿವೇಕ. ಈ ಮಾತಿನಲ್ಲಿ ನನಗೆ ಎರಡನೆಯ ಯೋಚನೆ ಇಲ್ಲ.

ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ

ಡಿಸ್ಕ್‌ನ ಮೇಲಿನ ಮಾಹಿತಿ ಅಂಕಿಗಳ ಸಾಲು. ಅದನ್ನು ತಪ್ಪಿಲ್ಲದೆ ಓದಿ, ಬಿಡಿಸಿ, ಎಚ್‌ಡಿಎಂಐ ಮೂಲಕ ಟಿವಿಗೆ ಕಳಿಸುವ ಕೆಲಸವನ್ನು ಸಾಧಾರಣ ಪ್ಲೇಯರೂ ಮಾಡುತ್ತದೆ, ಹತ್ತು ಪಟ್ಟು ಬೆಲೆಯ ಪ್ಲೇಯರೂ ಮಾಡುತ್ತದೆ. ಡಾಲ್ಬಿ ವಿಷನ್ ಎಂಬ ಎಚ್‌ಡಿಆರ್ ಬಗೆಯ ಚಿತ್ರವೊಂದನ್ನು ಒಳ್ಳೆಯ ಡಾಲ್ಬಿ ವಿಷನ್ ಟಿವಿಗೆ ಕಳಿಸುವಾಗ ಬೆಳಕಿನ ಹೊಂದಾಣಿಕೆಯ ಲೆಕ್ಕ ಸಾಮಾನ್ಯವಾಗಿ ಟಿವಿಯ ಕೈಯಲ್ಲಿರುವುದರಿಂದ, ಎರಡು ಪ್ಲೇಯರ್‌ಗಳ ನಡುವೆ ಬರಿಗಣ್ಣಿಗೆ ಕಾಣುವ ಅಂತರ ನನಗೆಂದೂ ದೊರೆತಿಲ್ಲ. ದಪ್ಪ ಅಲ್ಯೂಮಿನಿಯಂ ಮುಖಫಲಕ, ಹತ್ತು ಕಿಲೋ ಮೀರುವ ತೂಕ, ಸದ್ದಿಲ್ಲದೆ ಜಾರುವ ಟ್ರೇ ಇವು ಮುಟ್ಟಿದಾಗ ಸಂತೋಷ ಕೊಡುತ್ತವೆ, ಡಿಸ್ಕ್ ತಿರುಗುವ ಸದ್ದನ್ನೂ ತಗ್ಗಿಸುತ್ತವೆ. ಚಿತ್ರ ಅವುಗಳಿಂದ ಬದಲಾಗುವುದಿಲ್ಲ.

ಹಣಕ್ಕೆ ತಕ್ಕ ಕೆಲಸ ನಡೆಯುವ ಜಾಗಗಳು ಮುಖ್ಯವಾಗಿ ಎರಡು. ಮೊದಲನೆಯದು ಟೋನ್ ಮ್ಯಾಪಿಂಗ್. ಎಚ್‌ಡಿಆರ್ ಚಿತ್ರಗಳನ್ನು 1000 ನಿಟ್, ಕೆಲವೊಮ್ಮೆ 4000 ನಿಟ್‌ವರೆಗಿನ ಪ್ರಕಾಶಕ್ಕೆ ಸಿದ್ಧಪಡಿಸಿರುತ್ತಾರೆ. ನಿಮ್ಮ ಪರದೆ 700 ನಿಟ್‌ನದಾಗಿದ್ದರೆ ಮಿಕ್ಕ ಬೆಳಕನ್ನು ಎಲ್ಲಿ, ಹೇಗೆ ಬಗ್ಗಿಸಿ ಕೂರಿಸಬೇಕೆಂದು ಯಾರಾದರೂ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಮೋಡದ ಅಂಚುಗಳು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತವೆ, ಇಲ್ಲವೇ ಇಡೀ ಚಿತ್ರ ಮಂಕಾಗುತ್ತದೆ. ಪ್ರೊಜೆಕ್ಟರ್‌ಗಳ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಮನೆಯ ಹೆಚ್ಚಿನ ಪ್ರೊಜೆಕ್ಟರ್‌ಗಳು ಪರದೆಯ ಮೇಲೆ 100 ನಿಟ್ ಆಸುಪಾಸಿನಲ್ಲೇ ಉಳಿಯುತ್ತವೆ, ಡಾಲ್ಬಿ ವಿಷನ್ ಅವುಗಳಲ್ಲಿ ಹಲವಕ್ಕೆ ಗೊತ್ತಿಲ್ಲ. ಪ್ಯಾನಸಾನಿಕ್‌ನ ಯುಬಿ820 ಮತ್ತು ಯುಬಿ9000 ಮಾದರಿಗಳಲ್ಲಿ ಎಚ್‌ಡಿಆರ್ ಆಪ್ಟಿಮೈಸರ್ ಎಂಬ ಸೌಲಭ್ಯವಿದೆ. ನಿಮ್ಮ ಪರದೆ ಯಾವ ಬಗೆಯದೆಂದು ಮೆನುವಿನಲ್ಲಿ ತಿಳಿಸಿದರೆ ಈ ಬಗ್ಗಿಸುವ ಕೆಲಸವನ್ನು ಪ್ಲೇಯರೇ ಮಾಡಿ ಕಳಿಸುತ್ತದೆ. ಒಳಗೇ ಒಳ್ಳೆಯ ಟೋನ್ ಮ್ಯಾಪಿಂಗ್ ಇಲ್ಲದ ಪ್ರೊಜೆಕ್ಟರ್ ಇಟ್ಟುಕೊಂಡವರಿಗೆ ಇದು ಕಣ್ಣಿಗೆ ರಾಚುವಷ್ಟು ವ್ಯತ್ಯಾಸ ತರುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಈ ಎರಡೂ ಮಾದರಿಗಳಲ್ಲಿ ಚಿತ್ರದ ಕೆಲಸ ಮಾಡುವುದು ಎಚ್‌ಸಿಎಕ್ಸ್ ಎಂಬ ಒಂದೇ ಹೆಸರಿನ ಪ್ರೊಸೆಸರ್. ಮೇಲಿನ ಮಾದರಿಯ ಹೆಚ್ಚಿನ ಬೆಲೆಯಲ್ಲಿ ದೊಡ್ಡ ಪಾಲು ಗಟ್ಟಿ ಕವಚಕ್ಕೂ ಅನಲಾಗ್ ಧ್ವನಿಗೂ ಸಲ್ಲುತ್ತದೆ. ಪ್ರೊಜೆಕ್ಟರ್‌ಗಾಗಿ ಕೊಳ್ಳುವವರು ಸರಣಿಯ ತುತ್ತತುದಿಗೆ ಹೋಗಬೇಕಾದ ಅಗತ್ಯವಿಲ್ಲ.

ಎರಡನೆಯ ಜಾಗ ನನ್ನ ಟೊಪ್ಪಿಗೆಗಳ ಕೆಳಗಿನದು. ಪ್ಲೇಯರ್‌ನ ಧ್ವನಿಯನ್ನು ಎಚ್‌ಡಿಎಂಐ ಮೂಲಕ ಬಿಟ್‌ಸ್ಟ್ರೀಮ್ ಆಗಿ, ಅಂದರೆ ಬಿಡಿಸದ ಅಂಕಿಗಳಾಗಿಯೇ, ಕಳಿಸಿದರೆ ಅಂಕಿಯನ್ನು ಧ್ವನಿಯಾಗಿ ಪರಿವರ್ತಿಸುವ ಕೆಲಸ ರಿಸೀವರ್‌ನಲ್ಲೋ ಸೌಂಡ್‌ಬಾರ್‌ನಲ್ಲೋ ನಡೆಯುತ್ತದೆ, ಮತ್ತು ಪ್ಲೇಯರ್‌ನ ಒಳಗಿನ ಬೆಲೆಬಾಳುವ ಪರಿವರ್ತಕ ಚಿಪ್ ಸುಮ್ಮನೆ ಕುಳಿತಿರುತ್ತದೆ. ಎರಡು ಚಾನೆಲ್‌ನ ಒಳ್ಳೆಯ ಆಂಪ್ಲಿಫೈಯರ್ ಇದ್ದು, ಸಂಗೀತದ ಡಿಸ್ಕ್‌ಗಳನ್ನು ಅದೇ ಪ್ಲೇಯರ್‌ನಿಂದ ನೇರವಾಗಿ ಅನಲಾಗ್ ಕೇಬಲ್‌ನಲ್ಲಿ ಕೇಳುವವರಿಗೆ ಆ ಚಿಪ್‌ನ ಗುಣ ಮುಖ್ಯ. ಎಸ್‌ಎಸಿಡಿ, ಡಿವಿಡಿ-ಆಡಿಯೊ ಎಂಬ ಉನ್ನತ ಗುಣಮಟ್ಟದ ಸಂಗೀತ ಡಿಸ್ಕ್‌ಗಳ ಸಂಗ್ರಹವಿದ್ದವರು ಬೆಲೆಯನ್ನು ನಂಬದೆ ಬೆಂಬಲದ ಪಟ್ಟಿಯನ್ನು ಓದಬೇಕು: ಮಧ್ಯಮ ಬೆಲೆಯ ಸೋನಿ ಯುಬಿಪಿ-ಎಕ್ಸ್800ಎಂ2 ಎಸ್‌ಎಸಿಡಿಯನ್ನು ನುಡಿಸುತ್ತದೆ, ಅದಕ್ಕಿಂತ ಬಹಳ ದುಬಾರಿಯಾದ ಪ್ಯಾನಸಾನಿಕ್ ಯುಬಿ9000 ನುಡಿಸುವುದಿಲ್ಲ.

ಹಳೆಯ ಡಿವಿಡಿಗಳನ್ನು ಹಿಗ್ಗಿಸುವ ಗುಣವನ್ನೂ ಮಾರಾಟದ ಮಾತಿನಲ್ಲಿ ದೊಡ್ಡದು ಮಾಡುತ್ತಾರೆ. ಇಂದಿನ ಒಳ್ಳೆಯ ಟಿವಿಗಳು ಆ ಕೆಲಸವನ್ನು ಸಾಕಷ್ಟು ಚೆನ್ನಾಗಿ ಮಾಡಿಕೊಳ್ಳುತ್ತವೆ. ಇದೊಂದೇ ಕಾರಣಕ್ಕೆ ಹಣ ಹಾಕಬೇಡಿ.

ಈಗಾಗಲೇ ಮನೆಯಲ್ಲಿರುವ ಪ್ಲೇಯರ್

ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮನೆಯಲ್ಲಿದ್ದರೆ ನಿಮ್ಮ ಬಳಿ 4ಕೆ ಡಿಸ್ಕ್ ಪ್ಲೇಯರ್ ಈಗಾಗಲೇ ಇದೆ. ತಿಂಗಳಿಗೊಂದು ಚಿತ್ರ ನೋಡುವವರಿಗೆ ಅದು ಧಾರಾಳವಾಗಿ ಸಾಕು. ಕೊರತೆಗಳು ಹೀಗಿವೆ: ಎರಡೂ ಕನ್ಸೋಲ್‌ಗಳು ಡಿಸ್ಕ್‌ನಲ್ಲಿರುವ ಡಾಲ್ಬಿ ವಿಷನ್ ಅನ್ನು ಬಿಟ್ಟು ಅದೇ ಡಿಸ್ಕ್‌ನ ಎಚ್‌ಡಿಆರ್10 ಎಂಬ ಸಾಮಾನ್ಯ ಎಚ್‌ಡಿಆರ್ ಪದರವನ್ನು ಮಾತ್ರ ತೋರಿಸುತ್ತವೆ, ಪ್ಲೇಸ್ಟೇಷನ್ 5 ಸಂಗೀತದ ಸಿಡಿಯನ್ನೂ ನುಡಿಸುವುದಿಲ್ಲ. ಪ್ಲೇಸ್ಟೇಷನ್ 4 ಪ್ರೊ ಎಂಬ ಹೆಸರು ಕೇಳಿ ಮೋಸಹೋದವರು ಬಹಳ ಮಂದಿ. ಅದು ಆಟಗಳಲ್ಲಿ 4ಕೆ ತೋರಿಸಿದರೂ 4ಕೆ ಡಿಸ್ಕ್ ಓದಲಾರದು. ಕಂಪ್ಯೂಟರ್ ಅನ್ನು ನೆಚ್ಚಿಕೊಳ್ಳುವುದು ಬೇಡ. 4ಕೆ ಡಿಸ್ಕ್‌ನ ಅಧಿಕೃತ ತಂತ್ರಾಂಶಕ್ಕೆ ಬೇಕಾದ ಎಸ್‌ಜಿಎಕ್ಸ್ ಎಂಬ ಸುರಕ್ಷಾ ಸೌಲಭ್ಯವನ್ನು ಇಂಟೆಲ್ 11ನೇ ಪೀಳಿಗೆಯಿಂದ ಮನೆಬಳಕೆಯ ಪ್ರೊಸೆಸರ್‌ಗಳಿಂದ ಕೈಬಿಟ್ಟಿದೆ.

ಜೋಡಣೆಯ ತೊಡಕುಗಳು

ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10+ ಎರಡೂ ದೃಶ್ಯದಿಂದ ದೃಶ್ಯಕ್ಕೆ ಬೆಳಕಿನ ಸೂಚನೆ ಕೊಡುವ ಪದ್ಧತಿಗಳು, ಆದರೆ ಒಂದು ಇನ್ನೊಂದರ ಜಾಗದಲ್ಲಿ ಕೆಲಸಕ್ಕೆ ಬರುವುದಿಲ್ಲ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ, ಆದ್ದರಿಂದ ಆ ಟಿವಿ ಇಟ್ಟುಕೊಂಡು ಡಾಲ್ಬಿ ವಿಷನ್‌ಗಾಗಿ ಪ್ಲೇಯರ್ ಹುಡುಕುವುದು ವ್ಯರ್ಥ. ಯುಬಿ820 ಎರಡನ್ನೂ ಬಲ್ಲದು. ಸೋನಿಯ ಎಕ್ಸ್800ಎಂ2 ಡಾಲ್ಬಿ ವಿಷನ್ ಮಾತ್ರ ಬಲ್ಲದು, ಅದನ್ನೂ ಪ್ರತಿ ಡಿಸ್ಕ್‌ಗೆ ತಕ್ಕಂತೆ ಮೆನುವಿನಲ್ಲಿ ಕೈಯಾರೆ ಹಾಕಿ ತೆಗೆಯಬೇಕು. ಇಂಥ ಸಣ್ಣ ಕಿರಿಕಿರಿಯನ್ನು ಲಘುವಾಗಿ ಎಣಿಸಬೇಡಿ, ಏಕೆಂದರೆ ಅದನ್ನು ಪ್ರತಿ ವಾರ ಅನುಭವಿಸುವವರು ನೀವು.

ಧ್ವನಿಯ ಹಾದಿಯನ್ನು ಒಂದು ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಪ್ಲೇಯರನ್ನು ಟಿವಿಗೆ ಜೋಡಿಸಿ, ಟಿವಿಯಿಂದ ಸೌಂಡ್‌ಬಾರ್‌ಗೆ ಧ್ವನಿ ಕಳಿಸುವ ವ್ಯವಸ್ಥೆಯಿದ್ದರೆ, ಡಿಸ್ಕ್‌ನ ನಷ್ಟರಹಿತ ಧ್ವನಿಗಾಗಿ ಎರಡೂ ಕಡೆ ಇಎಆರ್‌ಸಿ (ಟಿವಿಯಿಂದ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಹೊರಗೆ ಕಳಿಸುವ ಹೊಸ ಸೌಲಭ್ಯ) ಇರಲೇಬೇಕು. ಹಳೆಯ ಎಆರ್‌ಸಿಯಲ್ಲಿ ಟ್ರೂಎಚ್‌ಡಿ ಸಾಗುವುದಿಲ್ಲ. ಇಎಆರ್‌ಸಿ ಇದ್ದರೂ ಕೆಲವು ಟಿವಿಗಳು ಡಾಲ್ಬಿಗೆ ಪ್ರತಿಸ್ಪರ್ಧಿಯಾದ ಡಿಟಿಎಸ್ ಧ್ವನಿಯನ್ನು ಮುಂದಕ್ಕೆ ಬಿಡುವುದಿಲ್ಲ, ಮತ್ತು ಬ್ಲೂ-ರೇ ಡಿಸ್ಕ್‌ಗಳಲ್ಲಿ ಡಿಟಿಎಸ್ ಹೇರಳ. ರಿಸೀವರ್ ಇದ್ದರೆ ಪ್ಲೇಯರನ್ನು ಮೊದಲು ಅದಕ್ಕೆ, ಅಲ್ಲಿಂದ ಟಿವಿಗೆ ಜೋಡಿಸುವುದೇ ನೇರವಾದ ದಾರಿ. ಆ ರಿಸೀವರ್ ಹಳೆಯದಾಗಿದ್ದು ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ಪದ್ಧತಿ ತಿಳಿಯದಿದ್ದರೆ ಅದರ ಮೂಲಕ 4ಕೆ ಚಿತ್ರ ದಾಟುವುದಿಲ್ಲ. ಆಗ ಎರಡು ಎಚ್‌ಡಿಎಂಐ ಕಿಂಡಿಗಳಿರುವ ಪ್ಲೇಯರ್ ಕೊಂಡು, ಒಂದರಿಂದ ಚಿತ್ರವನ್ನು ಟಿವಿಗೂ ಇನ್ನೊಂದರಿಂದ ಧ್ವನಿಯನ್ನು ರಿಸೀವರ್‌ಗೂ ಕಳಿಸಬಹುದು. ಹೊಸ ರಿಸೀವರ್ ಕೊಳ್ಳುವ ಖರ್ಚು ತಪ್ಪುತ್ತದೆಂದರೆ ಪ್ಲೇಯರ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಡಿಸ್ಕ್ ಯಾವ ದೇಶಗಳ ಪ್ಲೇಯರ್‌ಗಳಲ್ಲಿ ಓಡಬೇಕೆಂದು ಕಟ್ಟುಹಾಕುವ ಪ್ರದೇಶ ಸಂಕೇತದ ವಿಚಾರ ಚಿಕ್ಕದು. 4ಕೆ ಡಿಸ್ಕ್‌ಗಳಿಗೆ ಅದು ಇಲ್ಲ, ಎಲ್ಲಿಂದ ತರಿಸಿದರೂ ಓಡುತ್ತವೆ. ಸಾಧಾರಣ ಬ್ಲೂ-ರೇಗೆ ಎ, ಬಿ, ಸಿ ಎಂಬ ಮೂರು ಪ್ರದೇಶಗಳಿವೆ, ಡಿವಿಡಿಗೆ ಬೇರೆಯೇ ಸಂಖ್ಯೆಗಳಿವೆ. ಸಂಗ್ರಹದಲ್ಲಿ ಹಲವು ದೇಶಗಳ ಹಳೆಯ ಡಿಸ್ಕ್‌ಗಳಿದ್ದರೆ ಹೊಸ ಪ್ಲೇಯರ್ ಬಂದ ದಿನವೇ ಹಳೆಯದನ್ನು ಮಾರಿಬಿಡಬೇಡಿ.

ಈಗಲೇ ಕೊಳ್ಳಬೇಕೇ, ಕಾಯಬೇಕೇ

ಇಲೆಕ್ಟ್ರಾನಿಕ್ ವಸ್ತುಗಳಲ್ಲಿ ಕಾದವನಿಗೆ ಅಗ್ಗದಲ್ಲಿ ಉತ್ತಮವಾದದ್ದು ಸಿಗುತ್ತದೆ ಎಂಬ ರೂಢಿಯ ಮಾತು ಇಲ್ಲಿ ನಡೆಯುವುದಿಲ್ಲ. ಜಾಣರ ಮೆಚ್ಚಿನ ಪ್ಲೇಯರ್‌ಗಳನ್ನು ತಯಾರಿಸುತ್ತಿದ್ದ ಓಪ್ಪೊ ಡಿಜಿಟಲ್ 2018ರ ಏಪ್ರಿಲ್‌ನಲ್ಲಿ ಹೊಸ ಉತ್ಪನ್ನಗಳನ್ನು ನಿಲ್ಲಿಸುವುದಾಗಿ ಹೇಳಿತು. ಮೊದಲ 4ಕೆ ಪ್ಲೇಯರ್‌ಗಳಲ್ಲೊಂದನ್ನು ತಂದಿದ್ದ ಸ್ಯಾಮ್‌ಸಂಗ್ 2019ರಲ್ಲಿ ಹಿಂದೆ ಸರಿಯಿತು. ಎಲ್‌ಜಿ 2024ರ ಕೊನೆಗೆ ತನ್ನ ಮಾದರಿಗಳನ್ನು ನಿಲ್ಲಿಸಿತು. ಈಗ ದೊಡ್ಡ ಹೆಸರುಗಳಲ್ಲಿ ಉಳಿದವು ಪ್ಯಾನಸಾನಿಕ್ ಮತ್ತು ಸೋನಿ. ಮ್ಯಾಗ್ನೆಟಾರ್‌ನಂಥ ಸಣ್ಣ ತಯಾರಕರು ಮೇಲ್ದರ್ಜೆಯಲ್ಲಿ ಇದ್ದಾರೆ. 2025ರ ಫೆಬ್ರವರಿಯಲ್ಲಿ ಸೋನಿ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿತೆಂಬ ಸುದ್ದಿ ಓದಿ ಹಲವರು ಗಾಬರಿಯಾದರು, ಆದರೆ ಅದು ನಾವೇ ಬರೆದುಕೊಳ್ಳುವ ಖಾಲಿ ಡಿಸ್ಕ್‌ಗಳ ಮಾತು, ಚಿತ್ರಗಳ ಡಿಸ್ಕ್‌ನದಲ್ಲ.

8ಕೆ ಡಿಸ್ಕ್ ಬರಲಿ ಎಂದು ಕಾಯುವುದಂತೂ ಬೇಡ. ಯುಬಿ820, ಯುಬಿ9000 ಎರಡೂ 2018ರಲ್ಲಿ ಬಂದವು, ಎಕ್ಸ್800ಎಂ2 2019ರದು. ಇಷ್ಟು ವರ್ಷಗಳ ಬಳಿಕವೂ ಹೋಲಿಕೆಗೆ ಬರುವುದು ಇವೇ ಹೆಸರುಗಳೆಂದರೆ ಈ ಕ್ಷೇತ್ರದಲ್ಲಿ ಹೊಸತನದ ವೇಗವನ್ನು ನೀವೇ ಊಹಿಸಬಹುದು. ನಿಮಗೆ ನೂರಾರು ಡಿಸ್ಕ್‌ಗಳ ಸಂಗ್ರಹವಿದ್ದರೆ ನಿಜವಾದ ಅಪಾಯವಿರುವುದು ಇನ್ನೂ ಮುಂದೆ, ಅವನ್ನು ಓದುವ ಯಂತ್ರವೇ ಸಿಗದ ದಿನದಲ್ಲಿ. ಪ್ಲೇಯರ್‌ನಲ್ಲಿ ಮೊದಲು ಸವೆಯುವುದು ಲೇಸರ್ ಮತ್ತು ಡ್ರೈವ್. ಅಂಥವರು ಅತಿ ದುಬಾರಿಯಾದ ಒಂದನ್ನು ಕೊಳ್ಳುವ ಹಣದಲ್ಲಿ ಮಧ್ಯಮ ದರ್ಜೆಯ ಎರಡನ್ನು ಕೊಂಡು ಒಂದನ್ನು ಎತ್ತಿಡುವುದು ಲೇಸೆಂದು ನನಗೆ ತೋರುತ್ತದೆ. ಬಿಡಿ ಭಾಗ ಮತ್ತು ದುರಸ್ತಿಯ ವ್ಯವಸ್ಥೆ ಎಷ್ಟು ವರ್ಷ ಸಿಗುತ್ತದೆಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಳಸಿದ ಓಪ್ಪೊ ಪ್ಲೇಯರ್ ಕಂಡರೆ ಆಸೆಯಾಗುವುದು ಸಹಜ, ಆದರೆ ಅದರ ಲೇಸರ್ ಎಷ್ಟು ಗಂಟೆ ಉರಿದಿದೆಯೆಂಬುದನ್ನು ಮಾರುವವರ ಮಾತಿನ ಮೇಲೆಯೇ ನಂಬಬೇಕಾಗುತ್ತದೆ.

ಬೆಲೆಯ ಲೆಕ್ಕಕ್ಕೆ ನಾನು ಬಳಸುವ ವಿಧಾನ ಸರಳ. ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಸಂಜೆ ಡಿಸ್ಕ್ ಹಾಕಿ ಚಿತ್ರ ನೋಡಿದಿರಿ ಎಂದು ಎಣಿಸಿ, ಅದನ್ನು ಐದರಿಂದ ಗುಣಿಸಿ, ಪ್ಲೇಯರ್‌ನ ಬೆಲೆಯನ್ನು ಆ ಮೊತ್ತದಿಂದ ಭಾಗಿಸಿ. ಮುಂದಿನ ವರ್ಷ ಎಷ್ಟು ನೋಡುವಿರಿ ಎಂಬ ಊಹೆಯನ್ನು ಲೆಕ್ಕಕ್ಕೆ ಸೇರಿಸಬೇಡಿ. ವರ್ಷಕ್ಕೆ 40 ಸಂಜೆ ನೋಡುವವರಿಗೆ 200 ಎಂಬ ಭಾಜಕ ಸಿಗುತ್ತದೆ, ಆರು ಸಂಜೆ ನೋಡುವವರಿಗೆ ಕೇವಲ 30. ಬಂದ ಉತ್ತರವನ್ನು ಚಿತ್ರಮಂದಿರದ ಒಂದು ಟಿಕೆಟ್‌ನ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ತಾನಾಗಿ ಒಂದು ಕಡೆಗೆ ವಾಲುತ್ತದೆ.

ಕೊಂಡ ಮೇಲೆ, ಹಿಂದಿರುಗಿಸುವ ಅವಧಿಯೊಳಗೆ

ಮೊದಲು ಟಿವಿಯ ಸೆಟ್ಟಿಂಗ್ ತೆರೆದು, ಪ್ಲೇಯರ್ ಜೋಡಿಸಿದ ಎಚ್‌ಡಿಎಂಐ ಕಿಂಡಿಗೆ ಪೂರ್ಣ ಸಾಮರ್ಥ್ಯದ ಸಂಕೇತವನ್ನು ಬಿಡುವ ಆಯ್ಕೆ ಚಾಲೂ ಆಗಿದೆಯೇ ನೋಡಿ. ಹಲವು ಟಿವಿಗಳಲ್ಲಿ ಇದು ಮುಚ್ಚಿಯೇ ಬರುತ್ತದೆ, ಪ್ರತಿ ಕಂಪನಿ ಇದಕ್ಕೊಂದು ಬೇರೆ ಹೆಸರಿಟ್ಟಿರುತ್ತದೆ. ಅದನ್ನು ತೆರೆಯದಿದ್ದರೆ ಎಚ್‌ಡಿಆರ್ ಬರುವುದೇ ಇಲ್ಲ, ಪ್ಲೇಯರ್ ಕೆಟ್ಟಿದೆಯೆಂದು ವಾಪಸು ಕೊಟ್ಟವರನ್ನೂ ನಾನು ಬಲ್ಲೆ. ಬಳಿಕ ಪ್ಲೇಯರ್‌ನ ಧ್ವನಿಯನ್ನು ಬಿಟ್‌ಸ್ಟ್ರೀಮ್‌ಗೆ ಹಾಕಿ, ಸೆಕೆಂಡರಿ ಆಡಿಯೊ ಎಂಬುದನ್ನು ಮುಚ್ಚಿ. ಅದು ತೆರೆದಿದ್ದರೆ ರಿಸೀವರ್‌ಗೆ ಅಟ್ಮಾಸ್ ತಲುಪದೇ ಹೋಗಬಹುದು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 24ರಲ್ಲೇ ಕಳಿಸುವ ಆಯ್ಕೆಯನ್ನೂ ಚಾಲೂ ಮಾಡಿ, ಇಲ್ಲವಾದರೆ ಕ್ಯಾಮೆರಾ ನಿಧಾನವಾಗಿ ಅಡ್ಡ ಸರಿಯುವ ದೃಶ್ಯಗಳಲ್ಲಿ ಚಿತ್ರ ಕುಂಟುತ್ತದೆ.

ಕೊನೆಯದಾಗಿ 100 ಗಿಗಾಬೈಟ್‌ನ ಡಿಸ್ಕ್ ಒಂದನ್ನು ಆರಂಭದಿಂದ ಅಂತ್ಯದವರೆಗೆ, ಮುಂದಕ್ಕೆ ಓಡಿಸದೆ ನೋಡಿ. ಮೂರು ಪದರದ ಡಿಸ್ಕ್‌ಗಳಲ್ಲಿ ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲೇ ಬಲಹೀನ ಡ್ರೈವ್‌ಗಳು ತಡವರಿಸುತ್ತವೆ, ಮತ್ತು ಆ ಕ್ಷಣ ಚಿತ್ರದ ನಡುವೆ ಎಲ್ಲೋ ಇರುತ್ತದೆಯಾದ್ದರಿಂದ ಮೊದಲ ಹತ್ತು ನಿಮಿಷ ನೋಡಿ ತೃಪ್ತರಾದವರಿಗೆ ದೋಷ ತಿಳಿಯುವುದು ತಿಂಗಳ ಬಳಿಕ. ಚಿತ್ರ ನಿಂತರೆ ಡಿಸ್ಕ್ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ಬೆರಳಚ್ಚು, ಎಣ್ಣೆಯ ಪಸೆ ಇದೆಯೇ ನೋಡಿ. ಹೊಸ ಡಿಸ್ಕ್‌ಗಳ ಮೇಲೂ ಅದು ಇರುತ್ತದೆ. ಮೆತ್ತನೆಯ ಒದ್ದೆ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಒಣಗಿಸಿ ಮತ್ತೆ ಹಾಕಿ. ಅದೇ ಜಾಗದಲ್ಲಿ ಮತ್ತೆ ನಿಂತರೆ ಇನ್ನೊಂದು 100 ಗಿಗಾಬೈಟ್‌ನ ಡಿಸ್ಕ್ ಹಾಕಿ ನೋಡಿ. ಅದೂ ನಿಂತರೆ ತಪ್ಪು ಡಿಸ್ಕ್‌ನದಲ್ಲ, ಪ್ಲೇಯರನ್ನು ಅದರ ರಟ್ಟಿನ ಪೆಟ್ಟಿಗೆಗೆ ಹಾಕಿ ಹಿಂದಿರುಗಿಸಬೇಕು. ಆ ರಟ್ಟಿನ ಪೆಟ್ಟಿಗೆಯನ್ನು ಅಲ್ಲಿಯವರೆಗೆ ಹರಿಯಬೇಡಿ.